ಅಲ್ಲಿ ಈಗ ಎಷ್ಟು ಗಂಟೆ? ಹಾಸನ, ಚಿಕ್ಕಮಗಳೂರಿನಿಂದ ಹೊರದೇಶದ ಸಮಯ ಲೆಕ್ಕ ಹಾಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದ ಮನೆಯಲ್ಲೇ ಕೂತು ಹೊರದೇಶದ ಕಂಪನಿಗೆ ಕೆಲಸ ಮಾಡುವವರು, ಲಂಡನ್ ಟರ್ಮಿನಲ್ (ಅಲ್ಲಿನ ಕಾಫಿ ಮಾರುಕಟ್ಟೆಯ ದರ) ನೋಡಿಕೊಂಡು ಕಾಫಿ ಕೊಡುವ ಬೆಳೆಗಾರರು, ಮಗಳನ್ನು ನ್ಯೂಜೆರ್ಸಿಗೆ ಕಳಿಸಿ ಇಲ್ಲಿ ಫೋನಿಗೆ ಕಾಯುವ ಅಪ್ಪ ಅಮ್ಮ, ಇವರೆಲ್ಲರಿಗೂ ಬೇಕಾದ ಲೆಕ್ಕ ಇದು. ಕೆಳಗಿನ ಉತ್ತರಗಳಲ್ಲಿ 'ನಮ್ಮ ಸಮಯ' ಎಂದರೆ ಭಾರತದ ಸಮಯ. 'ಬೇಸಿಗೆ' ಎಂದರೆ ಆ ದೇಶದವರು ಗಡಿಯಾರ ಒಂದು ಗಂಟೆ ಮುಂದೆ ಹಾಕಿಕೊಂಡಿರುವ ತಿಂಗಳುಗಳು, 'ಚಳಿಗಾಲ' ಎಂದರೆ ಉಳಿದ ತಿಂಗಳುಗಳು.

ಅಮೆರಿಕಕ್ಕೂ ನಮಗೂ ಎಷ್ಟು ವ್ಯತ್ಯಾಸ? ಒಬ್ಬರು ಒಂಬತ್ತೂವರೆ ಗಂಟೆ ಅಂತಾರೆ, ಇನ್ನೊಬ್ಬರು ಹತ್ತೂವರೆ, ಮತ್ತೊಬ್ಬರು ಹದಿಮೂರೂವರೆ.

ಮೂವರೂ ಸರಿ. ಅಮೆರಿಕದ ಮುಖ್ಯ ನೆಲದಲ್ಲೇ ನಾಲ್ಕು ಸಮಯ ವಲಯಗಳಿವೆ. ಸಾಲದ್ದಕ್ಕೆ ವರ್ಷಕ್ಕೆ ಎರಡು ಸಲ ಗಡಿಯಾರ ಹಿಂದೆ ಮುಂದೆ ಆಗುತ್ತದೆ. ಹಾಗಾಗಿ ಯಾವ ಊರು, ಯಾವ ತಿಂಗಳು ಎಂದು ತಿಳಿಯದೆ ಉತ್ತರ ಹೇಳಲಾಗದು.

ನ್ಯೂಯಾರ್ಕ್, ನ್ಯೂಜೆರ್ಸಿ, ಬಾಸ್ಟನ್, ಅಟ್ಲಾಂಟಾ ನಮಗಿಂತ ಬೇಸಿಗೆಯಲ್ಲಿ 9.30 ಗಂಟೆ, ಚಳಿಗಾಲದಲ್ಲಿ 10.30 ಗಂಟೆ ಹಿಂದೆ. ಶಿಕಾಗೊ, ಡಲ್ಲಾಸ್, ಹ್ಯೂಸ್ಟನ್ 10.30 ಮತ್ತು 11.30. ಡೆನ್ವರ್ 11.30 ಮತ್ತು 12.30. ಸ್ಯಾನ್ ಫ್ರಾನ್ಸಿಸ್ಕೊ, ಲಾಸ್ ಏಂಜಲೀಸ್, ಸಿಯಾಟಲ್ 12.30 ಮತ್ತು 13.30. ಅರಿಜೋನಾದ ಫೀನಿಕ್ಸ್‌ನವರು ಗಡಿಯಾರ ಮುಟ್ಟುವುದೇ ಇಲ್ಲ, ಅಲ್ಲಿ ವರ್ಷವಿಡೀ 12.30. ಹವಾಯಿಯೂ ಹಾಗೆಯೇ, ಅದು 15.30 ಗಂಟೆ ಹಿಂದೆ.

ಉಳಿದ ದೇಶಗಳದ್ದು?

ಲಂಡನ್ ನಮಗಿಂತ ಬೇಸಿಗೆಯಲ್ಲಿ 4.30, ಚಳಿಗಾಲದಲ್ಲಿ 5.30 ಗಂಟೆ ಹಿಂದೆ. ಜರ್ಮನಿ, ಇಟಲಿ, ಫ್ರಾನ್ಸ್, ನೆದರ್ಲೆಂಡ್ಸ್ 3.30 ಮತ್ತು 4.30.

ಕೊಲ್ಲಿ ದೇಶಗಳದ್ದು ಸುಲಭ, ಅಲ್ಲಿ ಬದಲಾವಣೆ ಇಲ್ಲ. ದುಬೈ, ಅಬುಧಾಬಿ, ಮಸ್ಕತ್ ಒಂದೂವರೆ ಗಂಟೆ ಹಿಂದೆ. ಸೌದಿ, ಕತಾರ್, ಕುವೈತ್, ಬಹರೈನ್ ಎರಡೂವರೆ ಗಂಟೆ ಹಿಂದೆ. 'ಗಲ್ಫ್ ಟೈಮ್' ಎಂದು ಒಂದೇ ಲೆಕ್ಕ ಇಟ್ಟುಕೊಂಡವರು ದುಬೈ ಮತ್ತು ಸೌದಿಯ ದಮ್ಮಾಮ್ ನಡುವಿನ ಒಂದು ಗಂಟೆಯನ್ನು ಮರೆಯುತ್ತಾರೆ.

ಪೂರ್ವಕ್ಕೆ ಹೋದರೆ ಸಿಂಗಪುರ, ಮಲೇಷ್ಯಾ, ಚೀನಾ ಎರಡೂವರೆ ಗಂಟೆ ಮುಂದೆ, ಜಪಾನ್ ಮೂರೂವರೆ. ಆಸ್ಟ್ರೇಲಿಯಾದಲ್ಲಿ ಊರು ಕೇಳಲೇಬೇಕು. ಸಿಡ್ನಿ, ಮೆಲ್ಬರ್ನ್ ನಾಲ್ಕೂವರೆ ಗಂಟೆ ಮುಂದೆ, ಅವರ ಬೇಸಿಗೆಯಲ್ಲಿ ಐದೂವರೆ. ಬ್ರಿಸ್ಬೇನ್ ವರ್ಷವಿಡೀ ನಾಲ್ಕೂವರೆ, ಪರ್ತ್ ವರ್ಷವಿಡೀ ಎರಡೂವರೆ. ಅಡಿಲೇಡ್ ನಮ್ಮ ಹಾಗೆ ಅರ್ಧ ಗಂಟೆಯ ಊರು. ಅಲ್ಲಿಗೂ ನಮಗೂ ಸರಿಯಾಗಿ ನಾಲ್ಕು ಗಂಟೆ, ಅವರ ಬೇಸಿಗೆಯಲ್ಲಿ ಐದು.

ನೇಪಾಳ ನಮಗಿಂತ ಕಾಲು ಗಂಟೆ ಮುಂದೆ. ಇದು ಮುದ್ರಣದೋಷವಲ್ಲ.

ನಮಗೆ ಮಾತ್ರ ಈ ಅರ್ಧ ಗಂಟೆ ಯಾಕೆ ಅಂಟಿಕೊಂಡಿದೆ?

ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಭಾರತದ ಸಮಯವನ್ನು 82.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ, ಅಂದರೆ ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾದುಹೋಗುವ ಗೆರೆಯ ಮೇಲೆ, ನಿಗದಿ ಮಾಡಲಾಗಿದೆ. 82.5ನ್ನು 15ರಿಂದ ಭಾಗಿಸಿದರೆ ಐದೂವರೆ. 1906ರಿಂದ ಈ ಲೆಕ್ಕ ಜಾರಿಯಲ್ಲಿದೆ. ಮುಂಬೈಯಲ್ಲಂತೂ ಸ್ವಾತಂತ್ರ್ಯ ಬಂದ ಮೇಲೂ ಕೆಲವು ವರ್ಷ ಊರ ಸಮಯವೇ ಬಳಕೆಯಲ್ಲಿತ್ತು.

ಚಿಕ್ಕಮಗಳೂರು ಇರುವುದು ಸುಮಾರು 75.8 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ 4 ನಿಮಿಷದಂತೆ, ಮಿರ್ಜಾಪುರದ ಸೂರ್ಯ ಇಲ್ಲಿ ನೆತ್ತಿಗೆ ಬರುವುದು ಸುಮಾರು 27 ನಿಮಿಷ ತಡವಾಗಿ. ಹಾಸನದಲ್ಲಿ ಸುಮಾರು 26. ಗಡಿಯಾರ 12 ಹೊಡೆದಾಗ ನೆರಳು ಇನ್ನೂ ಪೂರ್ತಿ ಕುಗ್ಗಿರದಿರುವುದಕ್ಕೆ ಇದೇ ಮುಖ್ಯ ಕಾರಣ.

ಆ ಅರ್ಧ ಗಂಟೆಯಿಂದ ಒಂದು ಉಪಕಾರವೂ ಇದೆ. ಅಮೆರಿಕ, ಯುರೋಪ್, ಕೊಲ್ಲಿ, ಸಿಂಗಪುರ ಯಾವುದೇ ಇರಲಿ, ಅಲ್ಲಿ ಗಂಟೆ ಸರಿಯಾಗಿದ್ದರೆ ಇಲ್ಲಿ ಅರ್ಧ, ಅಲ್ಲಿ 15 ನಿಮಿಷವಾಗಿದ್ದರೆ ಇಲ್ಲಿ 45. ನಿಮ್ಮ ಉತ್ತರದಲ್ಲಿ ಎರಡೂ ಕಡೆ ಒಂದೇ ನಿಮಿಷ ಬಂದರೆ ಲೆಕ್ಕ ತಪ್ಪಿದೆ, ಇನ್ನೊಮ್ಮೆ ಹಾಕಿ. ಕೂಡಿಸುವಾಗ 'ಅರ್ಧ ಮರೆತದ್ದು' ಸಿಕ್ಕಿಬೀಳುವುದು ಹೀಗೆ.

ಫೋನ್ ತೆಗೆಯದೆ ಬಾಯಲ್ಲೇ ಲೆಕ್ಕ ಹಾಕಲು ಉಪಾಯ ಇದೆಯಾ?

ಇದೆ. ಒಂಬತ್ತೂವರೆ ಕಳೆಯುವುದು ತಲೆನೋವು. ಅದರ ಬದಲು ಹನ್ನೆರಡು ಕಳೆದು ಎರಡೂವರೆ ಕೂಡಿಸಿ. ಹನ್ನೆರಡು ಕಳೆಯುವುದು ಅಂದರೆ ಎಎಂ, ಪಿಎಂ ಅದಲುಬದಲು ಮಾಡುವುದು, ಅಷ್ಟೇ.

ನ್ಯೂಯಾರ್ಕ್ ಕಡೆಗೆ: ಅದಲುಬದಲು ಮಾಡಿ, ಬೇಸಿಗೆಯಲ್ಲಿ ಎರಡೂವರೆ ಕೂಡಿಸಿ, ಚಳಿಗಾಲದಲ್ಲಿ ಒಂದೂವರೆ. ನಮ್ಮ ಸಂಜೆ 6 ಅಲ್ಲಿ ಬೆಳಗ್ಗೆ 6 ಆಯಿತು, ಎರಡೂವರೆ ಸೇರಿ ಬೆಳಗ್ಗೆ 8.30. ಶಿಕಾಗೊಗೆ ಬೇಸಿಗೆಯಲ್ಲಿ ಒಂದೂವರೆ, ಚಳಿಗಾಲದಲ್ಲಿ ಅರ್ಧ ಕೂಡಿಸಿ. ಕ್ಯಾಲಿಫೋರ್ನಿಯಾಕ್ಕೆ ಕೂಡಿಸಬೇಡಿ, ಬೇಸಿಗೆಯಲ್ಲಿ ಅರ್ಧ, ಚಳಿಗಾಲದಲ್ಲಿ ಒಂದೂವರೆ ಕಳೆಯಿರಿ. ನಮ್ಮ ರಾತ್ರಿ 9 ಅಲ್ಲಿ ಬೇಸಿಗೆಯಲ್ಲಿ ಬೆಳಗ್ಗೆ 8.30.

ಅವರು ಹೇಳಿದ ಸಮಯವನ್ನು ನಮ್ಮದಕ್ಕೆ ತಿರುಗಿಸುವಾಗ ಕೂಡಿಸಿದ್ದನ್ನು ಕಳೆಯಿರಿ, ಕಳೆದದ್ದನ್ನು ಕೂಡಿಸಿ. ಜುಲೈನಲ್ಲಿ ನ್ಯೂಯಾರ್ಕಿನವರು 'ಬೆಳಗ್ಗೆ 10' ಎಂದರೆ ರಾತ್ರಿ 10 ಮಾಡಿ ಎರಡೂವರೆ ಕಳೆಯಿರಿ: ನಮ್ಮ ಸಂಜೆ 7.30.

ಕೈಗಡಿಯಾರ ತಲೆಕೆಳಗೆ ಹಿಡಿದರೆ ಲಂಡನ್ ಸಮಯ ಕಾಣುತ್ತೆ ಅಂತಾರೆ, ನಿಜವಾ?

ಮುಳ್ಳಿನ ಗಡಿಯಾರವಾದರೆ ನಿಜ, ಆದರೆ ಲಂಡನ್ನಿನ ಚಳಿಗಾಲದಲ್ಲಿ ಮಾತ್ರ. ವ್ಯತ್ಯಾಸ ಆಗ ಐದೂವರೆ ಗಂಟೆ. ನಮ್ಮ ಮಧ್ಯಾಹ್ನ 3ಕ್ಕೆ ಗಡಿಯಾರ ತಿರುಗಿಸಿ ಹಿಡಿದರೆ ಸಣ್ಣ ಮುಳ್ಳು 9ರ ಮೇಲೆ, ದೊಡ್ಡ ಮುಳ್ಳು 6ರ ಮೇಲೆ, ಅಂದರೆ 9.30. ಸಣ್ಣ ಮುಳ್ಳು ಮಾತ್ರ ಇರಬೇಕಾದ ಜಾಗಕ್ಕಿಂತ ಅರ್ಧ ಮನೆ ಹಿಂದೆ ಕಾಣುತ್ತದೆ. ನಮ್ಮ 3.30ಕ್ಕೆ ಅದು 9 ಮತ್ತು 10ರ ನಡುವೆ ಇರುತ್ತದೆ, ದೊಡ್ಡ ಮುಳ್ಳು 12ರಲ್ಲಿ. ಆಗ 9 ಎಂದು ಓದಬೇಡಿ, ಉತ್ತರ 10. ಬೇಸಿಗೆಯಲ್ಲಿ ಬಂದದ್ದಕ್ಕೆ ಒಂದು ಗಂಟೆ ಸೇರಿಸಿ.

ಸಮಯ ಸರಿ ಇತ್ತು, ದಿನವೇ ತಪ್ಪಿ ಹೋಯಿತು. ಯಾಕೆ?

ನಿಮಿಷ ತಪ್ಪಿದವರಿಗಿಂತ ದಿನ ತಪ್ಪಿದವರೇ ಹೆಚ್ಚು. ಕಾರಣ ಎರಡು.

ಮೊದಲನೆಯದು ಗಣಿತದ್ದು. ನಮ್ಮ ಬೆಳಗಿನ ಹೊತ್ತು ಅಮೆರಿಕದಲ್ಲಿ ಹಿಂದಿನ ದಿನದ ಸಂಜೆ ಅಥವಾ ರಾತ್ರಿ. ಕ್ಯಾಲಿಫೋರ್ನಿಯಾದವರು 'ಸೋಮವಾರ ಸಂಜೆ 5' ಎಂದರೆ ಬೇಸಿಗೆಯಲ್ಲಿ ನಮಗೆ ಮಂಗಳವಾರ ಬೆಳಗಿನ ಜಾವ 5.30. ಅವರ ಶುಕ್ರವಾರ ಸಂಜೆಯ ಕರೆ ನಮ್ಮ ಶನಿವಾರವನ್ನು ನುಂಗುತ್ತದೆ. ನಮ್ಮ ಸೋಮವಾರ ಬೆಳಗ್ಗೆ ಅವರಿಗೆ ಇನ್ನೂ ಭಾನುವಾರ, ಯಾರೂ ಬರುವುದಿಲ್ಲ.

ಎರಡನೆಯದು ನಮ್ಮ ಭಾಷೆಯದು. ನಮ್ಮ ರೂಢಿಯಲ್ಲಿ ದಿನ ಹುಟ್ಟುವುದು ಸೂರ್ಯ ಹುಟ್ಟಿದ ಮೇಲೆ. 'ಶನಿವಾರ ರಾತ್ರಿ ಹನ್ನೆರಡೂವರೆಗೆ ಫೋನ್ ಮಾಡು' ಎಂದು ಅಮ್ಮ ಹೇಳಿದರೆ ಅದು ಶನಿವಾರ ಊಟ ಮುಗಿದ ಮೇಲಿನ ರಾತ್ರಿ. ಕ್ಯಾಲೆಂಡರಿಗೆ ಅದು ಭಾನುವಾರ 12.30 ಎಎಂ. ಮಗ ಫೋನಿನಲ್ಲಿ 'ಶನಿವಾರ 12.30 ಎಎಂ' ಎಂದು ಹಾಕಿಕೊಂಡರೆ ಪೂರ್ತಿ ಒಂದು ದಿನ ಮುಂಚೆ ಗಂಟೆ ಬಾರಿಸುತ್ತದೆ. ಮಧ್ಯರಾತ್ರಿಯ ಆಚೀಚೆಯ ಸಮಯಕ್ಕೆ 'ಶನಿವಾರ ಕಳೆದು ಭಾನುವಾರ, ರಾತ್ರಿ 12.30' ಎಂದು ಎರಡೂ ದಿನ ಹೇಳಿ. ಬರವಣಿಗೆಯಲ್ಲಾದರೆ 00.30 ಎಂದು 24 ಗಂಟೆಯ ಲೆಕ್ಕದಲ್ಲಿ, ತಾರೀಖಿನ ಜೊತೆ ಬರೆಯಿರಿ. 12 ಎಎಂ, 12 ಪಿಎಂ ಎರಡನ್ನೂ ಬಳಸದಿದ್ದರೆ ಒಳ್ಳೆಯದು. 12 ಪಿಎಂ ಮಧ್ಯಾಹ್ನ ಎನ್ನುವುದು ಎಷ್ಟೋ ಜನರಿಗೆ ಈಗಲೂ ಗೊಂದಲ.

ಗಡಿಯಾರ ಬದಲಿಸುವುದು ಯಾವ ತಾರೀಖು?

ಅಮೆರಿಕದಲ್ಲಿ ಮಾರ್ಚ್ ಎರಡನೇ ಭಾನುವಾರ ಮುಂದೆ, ನವೆಂಬರ್ ಮೊದಲ ಭಾನುವಾರ ಹಿಂದೆ. 2007ರಿಂದ ಇದೇ ನಿಯಮ. 2026ರಲ್ಲಿ ಮಾರ್ಚ್ 8 ಮತ್ತು ನವೆಂಬರ್ 1, 2027ರಲ್ಲಿ ಮಾರ್ಚ್ 14 ಮತ್ತು ನವೆಂಬರ್ 7.

ಬ್ರಿಟನ್ ಮತ್ತು ಯುರೋಪಿನಲ್ಲಿ ಮಾರ್ಚ್ ಕೊನೆಯ ಭಾನುವಾರ, ಅಕ್ಟೋಬರ್ ಕೊನೆಯ ಭಾನುವಾರ. 2026ರಲ್ಲಿ ಮಾರ್ಚ್ 29 ಮತ್ತು ಅಕ್ಟೋಬರ್ 25, 2027ರಲ್ಲಿ ಮಾರ್ಚ್ 28 ಮತ್ತು ಅಕ್ಟೋಬರ್ 31. ಲಂಡನ್ನಿಂದ ಬರ್ಲಿನ್‌ವರೆಗೆ ಎಲ್ಲರೂ ಒಂದೇ ಕ್ಷಣದಲ್ಲಿ ಬದಲಿಸುತ್ತಾರೆ, ನಮ್ಮಲ್ಲಿ ಆಗ ಭಾನುವಾರ ಬೆಳಗ್ಗೆ 6.30.

ಸಿಡ್ನಿ, ಮೆಲ್ಬರ್ನ್ ಉಲ್ಟಾ: ಅಕ್ಟೋಬರ್ ಮೊದಲ ಭಾನುವಾರ ಮುಂದೆ, ಏಪ್ರಿಲ್ ಮೊದಲ ಭಾನುವಾರ ಹಿಂದೆ. 2026ರಲ್ಲಿ ಏಪ್ರಿಲ್ 5 ಮತ್ತು ಅಕ್ಟೋಬರ್ 4.

ಅಮೆರಿಕ ಬದಲಿಸಿ ಯುರೋಪ್ ಇನ್ನೂ ಬದಲಿಸದ ಮಾರ್ಚಿನ ಎರಡು ಮೂರು ವಾರ, ಮತ್ತೆ ಅಕ್ಟೋಬರ್ ಕೊನೆಯ ಒಂದು ವಾರ, ಅಪಾಯದ ಕಾಲ. ಆಗ ಲಂಡನ್ ಮತ್ತು ನ್ಯೂಯಾರ್ಕ್ ನಡುವೆ ಐದರ ಬದಲು ನಾಲ್ಕೇ ಗಂಟೆ. 'ಲಂಡನ್ ಮೀಟಿಂಗ್ ಆದ ಒಂದು ಗಂಟೆಗೆ ನ್ಯೂಯಾರ್ಕ್' ಎಂದು ಜೋಡಿಸಿಕೊಂಡವರಿಗೆ ಎರಡೂ ಒಂದರ ಮೇಲೊಂದು ಬೀಳುತ್ತವೆ.

ಒಂದು ಸ್ವಾರಸ್ಯ: ನವೆಂಬರ್ 1, 2026ರಂದು ನ್ಯೂಯಾರ್ಕಿನಲ್ಲಿ ರಾತ್ರಿ 1.30 ಎರಡು ಸಲ ಬರುತ್ತದೆ. ಮೊದಲನೆಯದು ನಮ್ಮ ಬೆಳಗ್ಗೆ 11ಕ್ಕೆ, ಎರಡನೆಯದು 12ಕ್ಕೆ. ಮಾರ್ಚ್ 8ರಂದು ಅಲ್ಲಿ 2.30 ಎನ್ನುವ ಹೊತ್ತೇ ಇರುವುದಿಲ್ಲ.

ನಮ್ಮ ಗಡಿಯಾರ ಬದಲಾಗುವುದೇ ಇಲ್ಲವಲ್ಲ, ಹಾಗಿದ್ದರೆ ವಾರದ ಮೀಟಿಂಗ್ ನವೆಂಬರಿನಲ್ಲಿ ಯಾಕೆ ಜರುಗಿತು?

ಮೀಟಿಂಗಿನ ಗೂಟ ಯಾರ ಅಂಗಳದಲ್ಲಿದೆ ಎನ್ನುವುದೇ ಇಲ್ಲಿನ ಪ್ರಶ್ನೆ. ನ್ಯೂಯಾರ್ಕಿನವರು ಕ್ಯಾಲೆಂಡರಿನಲ್ಲಿ 'ಪ್ರತಿ ಮಂಗಳವಾರ ಬೆಳಗ್ಗೆ 9' ಎಂದು ಹಾಕಿದರೆ ಅವರಿಗೆ ಅದು ಸದಾ 9. ನಮಗೆ ಬೇಸಿಗೆಯಲ್ಲಿ ಸಂಜೆ 6.30, ನವೆಂಬರಿನಿಂದ 7.30. ನೀವೇ ಇಲ್ಲಿಂದ 6.30ಕ್ಕೆ ಹಾಕಿದ್ದರೆ ನಿಮಗೆ ಅದು ಸದಾ 6.30, ಅವರಿಗೆ ನವೆಂಬರಿನಲ್ಲಿ ಬೆಳಗ್ಗೆ 8. ಆಗ ಅವರು ಮಕ್ಕಳನ್ನು ಶಾಲೆಗೆ ಬಿಡುವ ಹೊತ್ತು, ದೂರು ಬರುತ್ತದೆ.

ಹಾಗಾಗಿ ಮೊದಲ ದಿನವೇ ಒಂದು ಮಾತು ಇತ್ಯರ್ಥ ಮಾಡಿಕೊಳ್ಳಿ: ಯಾರ ಸಮಯ ಸ್ಥಿರ? ಹೆಚ್ಚು ಜನ ಇರುವ ಕಡೆಯದೋ, ಮನೆಯಲ್ಲಿ ಚಿಕ್ಕ ಮಕ್ಕಳಿರುವವರದೋ, ಯಾರದ್ದಾದರೂ ಸರಿ. ಹೇಳದೆ ಬಿಟ್ಟರೆ ಮೀಟಿಂಗ್ ಹಾಕಿದವನ ಊರಿನದ್ದು ಸ್ಥಿರವಾಗುತ್ತದೆ.

ಲಂಡನ್, ನ್ಯೂಯಾರ್ಕ್ ಕಾಫಿ ಮಾರುಕಟ್ಟೆ ನಮ್ಮ ಯಾವ ಹೊತ್ತಿಗೆ ತೆರೆಯುತ್ತೆ, ಯಾವಾಗ ಮುಚ್ಚುತ್ತೆ?

ರೋಬಸ್ಟಾ ಕಾಫಿಯ ವಾಯಿದೆ ವ್ಯಾಪಾರ (ಮುಂದೆ ಕೊಡುವ ಮಾಲಿಗೆ ಈಗಲೇ ದರ ಕಟ್ಟುವುದು) ಲಂಡನ್ನಿನಲ್ಲಿ ಅಲ್ಲಿನ ಬೆಳಗ್ಗೆ 9ರಿಂದ ಸಂಜೆ 5.30ರವರೆಗೆ. ನಮಗೆ ಬೇಸಿಗೆಯಲ್ಲಿ ಮಧ್ಯಾಹ್ನ 1.30ರಿಂದ ರಾತ್ರಿ 10, ಚಳಿಗಾಲದಲ್ಲಿ 2.30ರಿಂದ ರಾತ್ರಿ 11. ಅರೇಬಿಕಾ ನ್ಯೂಯಾರ್ಕಿನಲ್ಲಿ ಅಲ್ಲಿನ ಬೆಳಗಿನ ಜಾವ 4.15ರಿಂದ ಮಧ್ಯಾಹ್ನ 1.30. ನಮಗೆ ಬೇಸಿಗೆಯಲ್ಲಿ ಮಧ್ಯಾಹ್ನ 1.45ರಿಂದ ರಾತ್ರಿ 11, ಚಳಿಗಾಲದಲ್ಲಿ 2.45ರಿಂದ ಮಧ್ಯರಾತ್ರಿ 12.

ಇದರಿಂದ ತಿಳಿಯಬೇಕಾದ್ದು ಇಷ್ಟು. ಬೆಳಗ್ಗೆ ಎದ್ದ ಕೂಡಲೇ ವಾಟ್ಸಾಪಿನಲ್ಲಿ ಬರುವ 'ಇಂದಿನ ಟರ್ಮಿನಲ್' ನಿನ್ನೆ ರಾತ್ರಿ ಮುಚ್ಚಿದ ದರ. ಸೋಮವಾರ ಬೆಳಗ್ಗೆ ನೋಡುತ್ತಿರುವುದು ಶುಕ್ರವಾರ ರಾತ್ರಿಯದು, ಮಧ್ಯಾಹ್ನ ಊಟದ ಹೊತ್ತಿನವರೆಗೆ ಅದು ಅಲ್ಲಾಡುವುದಿಲ್ಲ. ಬೆಳಗ್ಗೆ 11ಕ್ಕೆ ವ್ಯಾಪಾರಿ 'ಲಂಡನ್ ಈಗ ಬೀಳ್ತಾ ಇದೆ' ಎಂದರೆ, ಲಂಡನ್ನಿನವರು ಇನ್ನೂ ಹಾಸಿಗೆಯಲ್ಲಿದ್ದಾರೆ ಎಂದು ನೆನಪು ಮಾಡಿಕೊಡಬಹುದು. ನಮ್ಮ ಕೊಯ್ಲು, ಮಾರಾಟದ ಕಾಲ ಬಹುಪಾಲು ಅವರ ಚಳಿಗಾಲದಲ್ಲೇ ಬೀಳುವುದರಿಂದ ಡಿಸೆಂಬರಿನಿಂದ ಮಾರ್ಚ್ ಆರಂಭದವರೆಗೆ 2.30 ಎಂದು ನೆನಪಿಟ್ಟರೆ ಸಾಕು. ಎರಡೂ ದೇಶಗಳ ಗಡಿಯಾರ ಹೊಂದದ ಆ ಮಾರ್ಚ್, ಅಕ್ಟೋಬರ್ ವಾರಗಳಲ್ಲಿ ಮಾತ್ರ ಈ ಲೆಕ್ಕ ನಂಬದೆ ವಿನಿಮಯ ಕೇಂದ್ರವೇ ಹಾಕುವ ವೇಳಾಪಟ್ಟಿ ನೋಡಿ.

ಇಎಸ್‌ಟಿ, ಸಿಎಸ್‌ಟಿ, ಬಿಎಸ್‌ಟಿ ಎಂದು ಬರೆದಿರುತ್ತಾರೆ. ನಂಬಬಹುದಾ?

ಪೂರ್ತಿ ನಂಬಬೇಡಿ. ಸಿಎಸ್‌ಟಿ ಎಂದರೆ ಶಿಕಾಗೊ ಕಡೆಯ ಸಮಯವೂ ಹೌದು, ಚೀನಾದ ಸಮಯವೂ ಹೌದು. ಬಿಎಸ್‌ಟಿ ಬ್ರಿಟನ್ನಿನ ಬೇಸಿಗೆ ಸಮಯವೂ ಹೌದು, ಬಾಂಗ್ಲಾದೇಶದ್ದೂ ಹೌದು. ನಮ್ಮ ಐಎಸ್‌ಟಿಯನ್ನು ಐರ್ಲೆಂಡಿನವರೂ ಇಸ್ರೇಲಿನವರೂ ತಮ್ಮದಕ್ಕೆ ಬಳಸುತ್ತಾರೆ. ಇಸ್ರೇಲಿನ ತೋಟಗಾರಿಕೆ ಕಂಪನಿಯ ಜೊತೆ ಮಾತಾಡುವವರು 'ಐಎಸ್‌ಟಿ 4 ಗಂಟೆ' ಎಂದು ಬರೆದರೆ ಇಬ್ಬರೂ ತಮ್ಮ ತಮ್ಮ 4 ಗಂಟೆಗೆ ಕಾಯುತ್ತಾರೆ.

ಅಮೆರಿಕನ್ನರಲ್ಲೇ ಬಹಳ ಮಂದಿ ಜುಲೈನಲ್ಲೂ 'ಇಎಸ್‌ಟಿ' ಎಂದು ಬರೆಯುತ್ತಾರೆ. ನಿಯಮದ ಪ್ರಕಾರ ಅದು ನ್ಯೂಯಾರ್ಕ್ ಕಡೆಯ ಚಳಿಗಾಲದ ಸಮಯದ ಹೆಸರು, ಬೇಸಿಗೆಗೆ 'ಇಡಿಟಿ'. ಅಕ್ಷರ ಹಿಡಿದು ಲೆಕ್ಕ ಹಾಕಿದರೆ ಒಂದು ಗಂಟೆ ತಡವಾಗಿ ಹೋಗುತ್ತೀರಿ. ಬರೆದವರ ಮನಸ್ಸಿನಲ್ಲಿ ಇರುವುದು 'ನ್ಯೂಯಾರ್ಕಿನ ಗೋಡೆ ಗಡಿಯಾರ' ಎಂದೇ ತಿಳಿಯಿರಿ, ಸಂದರ್ಶನದಂಥ ವಿಷಯವಾದರೆ ಕೇಳಿ ಖಚಿತ ಮಾಡಿಕೊಳ್ಳಿ. ಊರಿನ ಹೆಸರಿಗೆ ಎರಡರ್ಥ ಇಲ್ಲ. 'ನ್ಯೂಯಾರ್ಕ್ ಸಮಯ ಬೆಳಗ್ಗೆ 9' ಎಂದು ಬರೆದರೆ ಯಾವ ತಿಂಗಳಲ್ಲೂ ತಪ್ಪಾಗದು.

ಯುಟಿಸಿ ಅಂದರೇನು? ಮಳೆ ನಕ್ಷೆಗಳಲ್ಲಿ 00ಝಡ್, 12ಝಡ್ ಅಂತ ಇರುತ್ತಲ್ಲ?

ಯುಟಿಸಿ ಇಡೀ ಜಗತ್ತು ಒಪ್ಪಿಕೊಂಡಿರುವ ತಳಗಲ್ಲಿನ ಸಮಯ. ಅದಕ್ಕೆ ಬೇಸಿಗೆ ಚಳಿಗಾಲ ಇಲ್ಲ. ನಮ್ಮ ಸಮಯದಿಂದ ಐದೂವರೆ ಕಳೆದರೆ ಯುಟಿಸಿ, ವರ್ಷವಿಡೀ. ಸಮಯದ ಕೊನೆಯಲ್ಲಿ ಬರುವ 'ಝಡ್' ಅಕ್ಷರಕ್ಕೂ ಅದೇ ಅರ್ಥ. ವಿಮಾನಯಾನ, ಹವಾಮಾನ, ಉಪಗ್ರಹಗಳ ಲೆಕ್ಕವೆಲ್ಲ ಇದರಲ್ಲೇ.

ಕಾಫಿ ಹೂ ಅರಳಿಸುವ 'ಹೂ ಮಳೆ'ಗೆ ಕಾಯುವ ಮಾರ್ಚ್, ಏಪ್ರಿಲ್‌ನಲ್ಲಿ ತೋಟದವರು ನೋಡುವ ಮುನ್ಸೂಚನೆ ಮಾದರಿಗಳು ದಿನಕ್ಕೆ ನಾಲ್ಕು ಸಲ ಓಡುತ್ತವೆ. 00ಝಡ್ ಎಂದರೆ ನಮ್ಮ ಬೆಳಗ್ಗೆ 5.30, 06ಝಡ್ 11.30, 12ಝಡ್ ಸಂಜೆ 5.30, 18ಝಡ್ ರಾತ್ರಿ 11.30. ಅದು ಲೆಕ್ಕ ಶುರುವಾಗುವ ಹೊತ್ತು. ಫಲಿತಾಂಶ ಹೊರಬರಲು ಮೂರ್ನಾಲ್ಕು ಗಂಟೆಯಾದರೂ ಬೇಕು. ಹಾಗಾಗಿ ಬೆಳಗ್ಗೆ 6ಕ್ಕೆ ಕಾಣುವುದು ರಾತ್ರಿಯ ನಕ್ಷೆಯೇ. ನಕ್ಷೆಯಲ್ಲಿ 'ಮಳೆ 12ಝಡ್‌ಗೆ' ಎಂದಿದ್ದರೆ ಮಧ್ಯಾಹ್ನವಲ್ಲ, ಸಂಜೆ ಐದೂವರೆ. ಸ್ಪ್ರಿಂಕ್ಲರ್ ಎಳೆಯಬೇಕೋ ಬೇಡವೋ ಎಂದು ತೂಗುವ ದಿನ ಇದು ಸಣ್ಣ ವಿಷಯವಲ್ಲ.

ಹವಾಮಾನ ಇಲಾಖೆ ಮಳೆ ಅಳೆಯುವುದು ಬೆಳಗ್ಗೆ 8.30ಕ್ಕೆ, ಅಂದರೆ 03 ಯುಟಿಸಿಗೆ. ಸೋಮವಾರ ಸಂಜೆ 7ಕ್ಕೆ ಹೊಯ್ದ ಐವತ್ತು ಸೆಂಟ್ (ಅರ್ಧ ಇಂಚು) ಮಳೆ ಅವರ ಪುಸ್ತಕದಲ್ಲಿ ಮಂಗಳವಾರದ್ದು. ನಿಮ್ಮ ತೋಟದ ಲೆಕ್ಕವನ್ನು ಇಲಾಖೆಯದರ ಜೊತೆ ಹೋಲಿಸಬೇಕಾದರೆ ನೀವೂ 8.30ಕ್ಕೇ ಅಳೆಯಿರಿ.

ಸಂದೇಶದಲ್ಲಿ ಸಮಯ ಹೇಗೆ ಬರೆಯಬೇಕು?

ವಾರ, ತಾರೀಖು, ಸಮಯ, ಊರು, ನಾಲ್ಕೂ ಬೇಕು, ಎರಡೂ ಕಡೆಯದು ಬೇಕು. ಹೀಗೆ:

'ಗುರುವಾರ, 12 ನವೆಂಬರ್ 2026, ಹಾಸನ ಸಂಜೆ 7.30 = ನ್ಯೂಯಾರ್ಕ್ ಗುರುವಾರ ಬೆಳಗ್ಗೆ 9.00.'

ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ. 11/12 ಎಂದರೆ ಅಮೆರಿಕದವರಿಗೆ ನವೆಂಬರ್ 12, ನಮಗೆ ಡಿಸೆಂಬರ್ 11. 'ನಾಳೆ', 'ಇವತ್ತು ರಾತ್ರಿ' ಬೇಡ. ನೀವು ಕಳಿಸಿದ್ದು ನಿಮ್ಮ ಬುಧವಾರ, ಅವರು ಓದುವಾಗ ಅಲ್ಲಿ ಇನ್ನೂ ಮಂಗಳವಾರ ಇರಬಹುದು.

ಕ್ಯಾಲೆಂಡರಿನಲ್ಲಿ ಹಾಕಿದರೆ ತಾನೇ ಸರಿ ಮಾಡಿಕೊಳ್ಳುತ್ತದಲ್ಲ?

ಮಾಡಿಕೊಳ್ಳುತ್ತದೆ. ನಿಮ್ಮ ಫೋನಿನ ಸಮಯ ವಲಯ ಸರಿಯಾಗಿರಬೇಕು, ಅಷ್ಟೇ. ಹೆಚ್ಚಿನ ಎಡವಟ್ಟು ಆಗುವುದು ಅಲ್ಲೇ. ದುಬೈಯಿಂದ ಬಂದವರು ಗಡಿಯಾರ ಹಿಂದಿದೆ ಎಂದು ಕೈಯಿಂದ ಒಂದೂವರೆ ಗಂಟೆ ಮುಂದೆ ತಳ್ಳುತ್ತಾರೆ. ಮುಖದ ಮೇಲೆ ಸಮಯ ಸರಿ ಕಾಣುತ್ತದೆ, ಒಳಗೆ ವಲಯ ಮಾತ್ರ ದುಬೈಯದೇ. ಫೋನ್ ಯುಟಿಸಿಯನ್ನು ಒಂದೂವರೆ ಗಂಟೆ ತಪ್ಪಾಗಿ ತಿಳಿದುಕೊಳ್ಳುತ್ತದೆ. ವಾಟ್ಸಾಪ್ 'ನಿಮ್ಮ ಫೋನಿನ ದಿನಾಂಕ ಸರಿಯಿಲ್ಲ' ಎಂದು ತಕರಾರು ತೆಗೆಯುತ್ತದೆ, ಬ್ಯಾಂಕ್ ಆ್ಯಪ್ ತೆರೆಯುವುದಿಲ್ಲ, ಕರೆದ ಮೀಟಿಂಗ್‌ಗಳೆಲ್ಲ ಎತ್ತಲೋ ಹೋಗುತ್ತವೆ. ಸಮಯ ತಪ್ಪಿ ಕಂಡರೆ ಮುಳ್ಳು ತಿರುಗಿಸಬೇಡಿ, ವಲಯ ಬದಲಿಸಿ. ಸಮಯ, ವಲಯ ಎರಡನ್ನೂ 'ಸ್ವಯಂಚಾಲಿತ'ಕ್ಕೆ ಬಿಡುವುದು ಒಳ್ಳೆಯದು. ಸಿಗ್ನಲ್ ಇಲ್ಲದ ತೋಟದಲ್ಲಿ ಅದು ತಡವಾಗಿ ಹಿಡಿಯಬಹುದು, ಆಗ ಕೈಯಿಂದ ಭಾರತದ ವಲಯ ಆರಿಸಿ.

ಗೂಗಲ್ ಕ್ಯಾಲೆಂಡರಿನ ಸೆಟ್ಟಿಂಗ್ಸ್‌ನಲ್ಲಿ ಎರಡನೇ ಸಮಯ ವಲಯ ತೋರಿಸುವ ಆಯ್ಕೆ ಇದೆ. ಕಂಪ್ಯೂಟರಿನಲ್ಲಿ ಅದನ್ನು ಹಾಕಿಕೊಂಡರೆ ಎಡಬದಿಯಲ್ಲಿ ಎರಡೂ ಊರಿನ ಗಂಟೆಗಳು ಪಕ್ಕಪಕ್ಕ ನಿಲ್ಲುತ್ತವೆ. ಲೆಕ್ಕವೇ ಬೇಡ.

ಪಟ್ಟಿಯಲ್ಲಿ ಬೆಂಗಳೂರು ಇಲ್ಲ. ಏನು ಆರಿಸಲಿ?

ವಿಂಡೋಸ್‌ನಲ್ಲಿ 'ಚೆನ್ನೈ, ಕೋಲ್ಕತಾ, ಮುಂಬೈ, ನವದೆಹಲಿ' ಎನ್ನುವ ಸಾಲು. ಬೇರೆ ಕಡೆ 'ಏಷ್ಯಾ/ಕೋಲ್ಕತಾ', ಹಳೆಯ ಸಾಫ್ಟ್‌ವೇರ್‌ಗಳಲ್ಲಿ 'ಏಷ್ಯಾ/ಕಲ್ಕತ್ತಾ'. ಅವಸರದಲ್ಲಿ ಅಲ್ಲೇ ಪಕ್ಕದಲ್ಲಿರುವ ಕಠ್ಮಂಡು ಒತ್ತಿದರೆ ಕಾಲು ಗಂಟೆ ಮುಂದೆ ಓಡುತ್ತದೆ.

ತೋಟದ ಸಿಸಿಟಿವಿ ಪೆಟ್ಟಿಗೆಯನ್ನೂ ಒಮ್ಮೆ ನೋಡಿ. ಚೀನಾದಲ್ಲಿ ತಯಾರಾದ ಎಷ್ಟೋ ರೆಕಾರ್ಡರ್‌ಗಳು ಅಲ್ಲಿನ ವಲಯದಲ್ಲೇ ಬಂದಿರುತ್ತವೆ. ಚಿತ್ರದ ಮೇಲಿನ ಸಮಯ ಸರಿಯಾಗಿ ಎರಡೂವರೆ ಗಂಟೆ ಮುಂದಿದ್ದರೆ ಕಾರಣ ಅದೇ. ಮೆಣಸಿನ ಮೂಟೆ ಕಳುವಾದ ದಿನ ಇದನ್ನು ಕಂಡುಕೊಳ್ಳುವುದು ಬೇಡ.

ಎಕ್ಸೆಲ್‌ನಲ್ಲಿ 9.30 ಕಳೆದೆ, 12 ನಿಮಿಷ ವ್ಯತ್ಯಾಸ ಬರುತ್ತಿದೆ.

ಎಕ್ಸೆಲ್‌ಗೆ ಒಂದು ದಿನ ಎಂದರೆ 1, ಒಂದು ಗಂಟೆ ಎಂದರೆ 1/24. ಒಂಬತ್ತೂವರೆ ಗಂಟೆ ಕಳೆಯಲು 9.5/24 ಕಳೆಯಬೇಕು. ನೀವು 9.30/24 ಬರೆದಿದ್ದೀರಿ, ಅದು 9 ಗಂಟೆ 18 ನಿಮಿಷ.

ಉತ್ತರದ ಜಾಗದಲ್ಲಿ ಬರೀ ಏಣಿಗುರುತುಗಳ (####) ಸಾಲು ಬಂದರೆ ಫಲಿತಾಂಶ ಸೊನ್ನೆಗಿಂತ ಕೆಳಗೆ ಹೋಗಿದೆ ಎಂದರ್ಥ. ಬೆಳಗ್ಗೆ 8ರಿಂದ 9.30 ಗಂಟೆ ಕಳೆದರೆ ಹಿಂದಿನ ದಿನಕ್ಕೆ ಹೋಗಬೇಕು, ಆದರೆ ನೀವು ದಿನವನ್ನೇ ಕೊಟ್ಟಿಲ್ಲ. ಒಂದೇ ಚೌಕದಲ್ಲಿ ತಾರೀಖು ಮತ್ತು ಸಮಯ ಎರಡನ್ನೂ ಬರೆದು ಕಳೆಯಿರಿ, ತಾರೀಖೂ ತಾನೇ ಸರಿಯಾಗುತ್ತದೆ. ಗಡಿಯಾರ ಬದಲಾಗುವ ದಿನ ಎಕ್ಸೆಲ್‌ಗೆ ಗೊತ್ತಿಲ್ಲ. ಬೇಸಿಗೆ ಚಳಿಗಾಲಕ್ಕೆ ಬೇರೆ ಬೇರೆ ಅಂಕಿ ಹಾಕುವುದು ನಿಮ್ಮ ಕೆಲಸ.

ಅರ್ಜಿಗೆ ಕೊನೆಯ ದಿನ '15ರ ರಾತ್ರಿ 11.59' ಎಂದಿದೆ. ನಮಗೆ ಎಷ್ಟು ಹೊತ್ತಿನವರೆಗೆ ಸಮಯ?

ಯಾರ 11.59 ಎಂದು ನೋಡಿ. ಯುಟಿಸಿಯಾದರೆ ನಮ್ಮ 16ರ ಬೆಳಗ್ಗೆ 5.29. ನ್ಯೂಯಾರ್ಕಿನದ್ದಾದರೆ 16ರ ಬೆಳಗ್ಗೆ 9.29, ಚಳಿಗಾಲವಾದರೆ 10.29. ಸಂಶೋಧನಾ ಸಮ್ಮೇಳನಗಳು 'ಎಒಇ' ಎಂದು ಬರೆಯುತ್ತವೆ: ಭೂಮಿಯ ಮೇಲೆ ಎಲ್ಲಾದರೂ ಇನ್ನೂ 15 ನಡೆಯುತ್ತಿದ್ದರೆ ಸಾಕು ಎಂದರ್ಥ. ಅದು ಯುಟಿಸಿಗಿಂತ 12 ಗಂಟೆ ಹಿಂದೆ, ಹಾಗಾಗಿ ನಮಗೆ 16ರ ಸಂಜೆ 5.29ರವರೆಗೆ. ವಲಯ ಬರೆದೇ ಇಲ್ಲದಿದ್ದರೆ ನಮ್ಮ 15ರ ಸಂಜೆಯೊಳಗೆ ಕಳಿಸಿ. ಸಿಂಗಪುರದ ಸಂಸ್ಥೆಯಾದರೆ ಅವರ 11.59 ನಮ್ಮ ರಾತ್ರಿ 9.29ಕ್ಕೇ ಮುಗಿದಿರುತ್ತದೆ.

ಹಾಸನದಲ್ಲಿ ಮದುವೆ, ಮುಹೂರ್ತ ಭಾನುವಾರ ಬೆಳಗ್ಗೆ 10.40. ಹೊರಗಿರುವವರಿಗೆ ಲೈವ್ ಲಿಂಕ್ ಕಳಿಸಬೇಕು.

ಮೇ ತಿಂಗಳಾದರೆ: ನ್ಯೂಜೆರ್ಸಿ ಭಾನುವಾರ ರಾತ್ರಿ 1.10, ಅಂದರೆ ಶನಿವಾರ ಕಳೆದ ರಾತ್ರಿ. ಕ್ಯಾಲಿಫೋರ್ನಿಯಾ ಶನಿವಾರ ರಾತ್ರಿ 10.10. ಲಂಡನ್ ಭಾನುವಾರ ಬೆಳಗ್ಗೆ 6.10. ದುಬೈ 9.10. ಮೆಲ್ಬರ್ನ್ ಮಧ್ಯಾಹ್ನ 3.10. ಆಮಂತ್ರಣದಲ್ಲಿ ಈ ಐದು ಸಾಲು ಹಾಕಿಬಿಟ್ಟರೆ ಹತ್ತಾರು ಫೋನ್ ತಪ್ಪುತ್ತದೆ. ಧಾರೆಯ ಹೊತ್ತಿಗಿಂತ ಅರ್ಧ ಗಂಟೆ ಮೊದಲಿನ ಸಮಯ ಕೊಡಿ, ನೆಟ್‌ವರ್ಕ್ ಪರೀಕ್ಷಿಸಲು ಅದು ಬೇಕಾಗುತ್ತದೆ.

ಇಲ್ಲಿನ ಪಂಚಾಂಗದ ತಿಥಿ, ರಾಹುಕಾಲವನ್ನು ಅಮೆರಿಕದ ಸಮಯಕ್ಕೆ ತಿರುಗಿಸಿ ಕೊಟ್ಟರೆ ಆಗುತ್ತಾ?

ತಿಥಿಯನ್ನು ತಿರುಗಿಸಬಹುದು, ರಾಹುಕಾಲವನ್ನು ತಿರುಗಿಸಬಾರದು. ತಿಥಿ ಎನ್ನುವುದು ಸೂರ್ಯ ಚಂದ್ರರ ನಡುವಿನ ಕೋನದ ಲೆಕ್ಕ. 12 ಡಿಗ್ರಿಗೆ ಒಂದು ತಿಥಿ. ಅದು ಮುಗಿಯುವ ಕ್ಷಣ ಇಡೀ ಭೂಮಿಗೆ ಒಂದೇ. ಇಲ್ಲಿ ಬೆಳಗ್ಗೆ 8ಕ್ಕೆ ಮುಗಿದರೆ ನ್ಯೂಜೆರ್ಸಿಯಲ್ಲಿ ಬೇಸಿಗೆಯಲ್ಲಿ ಹಿಂದಿನ ರಾತ್ರಿ 10.30ಕ್ಕೆ. ಆದರೆ ವ್ರತಕ್ಕೆ ಸೂರ್ಯೋದಯದ ಹೊತ್ತಿನ ತಿಥಿ ಮುಖ್ಯವಾಗುವುದರಿಂದ, ಅಲ್ಲಿನ ಏಕಾದಶಿ ನಮ್ಮ ಕ್ಯಾಲೆಂಡರಿನ ತಾರೀಖಿಗಿಂತ ಒಂದು ದಿನ ಮುಂಚೆ ಬೀಳುವುದುಂಟು. ಅದು ತಪ್ಪಲ್ಲ.

ರಾಹುಕಾಲ ಹಾಗಲ್ಲ. ಆಯಾ ಊರಿನ ಹಗಲನ್ನು ಎಂಟು ಪಾಲು ಮಾಡಿ ವಾರಕ್ಕೊಂದು ಪಾಲು ತೆಗೆಯುವುದು. ಶನಿವಾರ ಮೂರನೇ ಪಾಲು: 6ರಿಂದ 6ರ ಹಗಲಾದರೆ 9ರಿಂದ 10.30. ಜೂನಿನಲ್ಲಿ ಸಿಯಾಟಲ್‌ನ ಹಗಲು ಸುಮಾರು 16 ಗಂಟೆ, ಒಂದೊಂದು ಪಾಲೇ ಎರಡು ಗಂಟೆ. ಅಲ್ಲಿ ಶನಿವಾರದ ರಾಹುಕಾಲ ಹೆಚ್ಚೂಕಡಿಮೆ 9.10ರಿಂದ 11.10. ಆ ಊರಿನ ಹೆಸರು ಕೊಟ್ಟು ಲೆಕ್ಕ ಹಾಕಿದ ಪಂಚಾಂಗವೇ ಬೇಕು.

ಮೂರು ದೇಶದವರನ್ನು ಒಂದೇ ಕರೆಗೆ ಸೇರಿಸುವುದು ಹೇಗೆ?

ಭಾರತ, ಲಂಡನ್, ಕ್ಯಾಲಿಫೋರ್ನಿಯಾ ಆದರೆ ಬೇಸಿಗೆಯಲ್ಲಿ ನಮ್ಮ ರಾತ್ರಿ 8.30: ಲಂಡನ್ ಸಂಜೆ 4, ಕ್ಯಾಲಿಫೋರ್ನಿಯಾ ಬೆಳಗ್ಗೆ 8. ಚಳಿಗಾಲದಲ್ಲಿ ಅದೇ ಹೊಂದಾಣಿಕೆಗೆ ನಮಗೆ 9.30 ಆಗುತ್ತದೆ. ಭಾರ ಬೀಳುವುದು ನಮ್ಮ ಮೇಲೆಯೇ.

ಭಾರತ, ನ್ಯೂಯಾರ್ಕ್, ಸಿಡ್ನಿ ಸೇರಿಸಬೇಕಾದರೆ ನಮ್ಮ ಬೆಳಗ್ಗೆ 6.30 ಹಿಡಿಯಿರಿ. ಜುಲೈನಲ್ಲಿ ನ್ಯೂಯಾರ್ಕ್ ಹಿಂದಿನ ದಿನ ರಾತ್ರಿ 9, ಸಿಡ್ನಿ ಬೆಳಗ್ಗೆ 11. ಜನವರಿಯಲ್ಲಿ ರಾತ್ರಿ 8 ಮತ್ತು ಮಧ್ಯಾಹ್ನ 12. ನಮ್ಮ ಸಂಜೆಗೆ ಇಟ್ಟರೆ ಜನವರಿಯಲ್ಲಿ ಕೆಲಸ ಕೆಡುತ್ತದೆ: ನ್ಯೂಯಾರ್ಕಿನವರು ಬೆಳಗ್ಗೆ 8ಕ್ಕೆ ಕೂರುವಷ್ಟರಲ್ಲಿ ಸಿಡ್ನಿಯಲ್ಲಿ ಮಧ್ಯರಾತ್ರಿ.

ವಿಮಾನದ ಟಿಕೆಟ್‌ನಲ್ಲಿರುವ ಸಮಯ ಯಾವ ಊರಿನದು?

ಹೊರಡುವ ಸಮಯ ಹೊರಡುವ ಊರಿನದು, ತಲುಪುವ ಸಮಯ ತಲುಪುವ ಊರಿನದು. ಬೆಂಗಳೂರಿನಿಂದ ಬೆಳಗಿನ ಜಾವ 3.20ಕ್ಕೆ ಹೊರಟು ಫ್ರಾಂಕ್‌ಫರ್ಟ್‌ಗೆ ಬೆಳಗ್ಗೆ 8.50ಕ್ಕೆ ಎಂದಿದ್ದರೆ ಪ್ರಯಾಣ ಐದೂವರೆ ಗಂಟೆಯಲ್ಲ. ಬೇಸಿಗೆಯ ಮೂರೂವರೆ ಸೇರಿಸಿ ಒಂಬತ್ತು ಗಂಟೆ.

ಟಿಕೆಟ್‌ನಲ್ಲಿ ಬುಧವಾರ 3.20 ಎಎಂ ಎಂದಿದ್ದರೆ ಮನೆ ಬಿಡುವುದು ಮಂಗಳವಾರ. ಹಾಸನದಿಂದ ದೇವನಹಳ್ಳಿ ತಲುಪಲು ನಾಲ್ಕೈದು ಗಂಟೆ, ಮೂರು ಗಂಟೆ ಮುಂಚೆ ಅಲ್ಲಿರಬೇಕು. ಹಾಗಾಗಿ ಮಂಗಳವಾರ ಸಂಜೆ 7ಕ್ಕೆಲ್ಲ ಕಾರು ಬಾಗಿಲಲ್ಲಿರಲಿ. ಚಿಕ್ಕಮಗಳೂರಿನವರು ಇನ್ನೂ ಒಂದು ಗಂಟೆ ಮುಂಚೆ ಹೊರಡಿ.